ಐದನೇ ತರಗತಿ ಮಕ್ಕಳಿಗೆ ‘ಆವಾಸ’ ಅಂದರೇನು ಅಂತ ಹೇಗೆ ಕಲಿಸೋದು?

ಮಡಿಕೇರಿ ಕಡೆಯ ಶಾಲೆ, 24 ಮಕ್ಕಳು, ಚಾರ್ಟ್ ತೋರಿಸಿದರೆ ‘ಹುಲಿ ಕಾಡಲ್ಲಿ, ಮೀನು ನೀರಲ್ಲಿ’ ಅಂತ ಬಾಯಿಪಾಠ ಒಪ್ಪಿಸಿ ಸುಮ್ಮನಾಗ್ತಾರೆ ಅಂದಿದ್ದೀರಿ. ಚಾರ್ಟ್ ಮಡಚಿಡಿ. ಆವಾಸ ಅಂದರೆ ಬರೀ ಇರೋ ಜಾಗ ಅಲ್ಲ, ಜೀವಿಗೆ ಊಟ, ಅಡಗೋ ಜಾಗ ಎಲ್ಲ ಸಿಗುವ ನೆಲೆ. ನಾನಾದರೆ ಹುಲಿ, ಆನೆ ಬಿಟ್ಟು ಒಂದು ಚದರ ಮೀಟರ್ ನೆಲದಿಂದ ಶುರು ಮಾಡ್ತೇನೆ.

ನಾಲ್ಕೂಕಾಲು ಮೀಟರ್ ಹಗ್ಗ (ಕಾಲು ಮೀಟರ್ ಗಂಟಿಗೆ), ನಾಲ್ಕು ಗೂಟ, ಒಂದು ಬಿಳಿ ತಟ್ಟೆ, ಒಂದು ಚಮಚ. ನಾಲ್ಕು ಮಕ್ಕಳಿಗೆ ಒಂದು ಚೌಕ. ಮೂರು ಚೌಕ ಕಾಫಿ ತೋಟದ ನೆರಳಲ್ಲಿ, ತರಗೆಲೆ ದಪ್ಪಗೆ ಬಿದ್ದಲ್ಲಿ. ಮೂರು ಶಾಲೆಯ ಬಯಲಲ್ಲಿ. ಎರಡು ಹಿಡಿ ತರಗೆಲೆ ತಟ್ಟೆಗೆ ಹಾಕಿ ಎರಡು ನಿಮಿಷ ಯಾರೂ ಅಲುಗಾಡಿಸಬಾರದು. ಮೊದಲು ಏನೂ ಕಾಣಲ್ಲ, ಹುಳಗಳು ಸತ್ತ ಹಾಗೆ ಬಿದ್ದಿರುತ್ತವೆ. ಆಮೇಲೆ ಒಂದೊಂದೇ ಸರಿದಾಡುತ್ತವೆ. ಹೆಚ್ಚಿನ ಮೇಷ್ಟ್ರು ಸೋಲೋದು ಈ ಎರಡು ನಿಮಿಷ ಕಾಯದೇ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಎಷ್ಟು ಬಗೆ, ಎಷ್ಟು ಕಾಲು, ಏನು ತಿನ್ನುತ್ತೆ, ಎಲ್ಲಿ ಅಡಗುತ್ತೆ ಅಂತ ಬರೆಸಿ. ಬೆರಳು ಹಾಕಬೇಡಿ, ಜರಿ ಕಚ್ಚುತ್ತೆ. ಚಮಚ ಇರೋದು ಅದಕ್ಕೇ.

ಎರಡೂ ಕಡೆ ಮಣ್ಣಿನ ಬಿಸಿ ಅಳೆಸಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 35 ಡಿಗ್ರಿಯಿಂದ ಕೆಳಗೆ ತೋರಿಸಲ್ಲ. ಕೆಂಪು ದ್ರವದ ಪ್ರಯೋಗಾಲಯದ್ದು ತನ್ನಿ. ಪೆನ್ಸಿಲ್ಲಿನಿಂದ 5 ಸೆಂ.ಮೀ. ತೂತು ಮಾಡಿ ಇಳಿಸಿ (ನೇರ ಚುಚ್ಚಿದರೆ ಗಾಜು ಒಡೆಯುತ್ತೆ), ಮೂರು ನಿಮಿಷ ಬಿಟ್ಟು ಓದಿ. ಬಿಸಿಲಿಗೆ ಹಿಡಿದು ಓದಿದರೆ ಸಿಗೋದು ಗಾಜಿನ ಬಿಸಿ, ಮಣ್ಣಿನದ್ದಲ್ಲ. ಕೊನೆಗೆ ಹುಳಗಳನ್ನು ಎಲೆ ಸಮೇತ ಎತ್ತಿದಲ್ಲೇ ಬಿಡಿಸಿ.

ದೊಡ್ಡ ಜೀವಿ ಬೇಕೇ ಬೇಕು ಅಂದರೆ ಮಂಗಟ್ಟೆ ಹಕ್ಕಿ ತಗೊಳ್ಳಿ. ಹೆಣ್ಣು ಮೊಟ್ಟೆಯಿಡಲು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ವಾರಗಟ್ಟಲೆ ಗಂಡು ಅದರಲ್ಲೇ ಹಣ್ಣು ಕೊಡಬೇಕು, ಹೆಚ್ಚಾಗಿ ಅತ್ತಿ, ಆಲದ ಜಾತಿಯದ್ದು. ಪೊಟರೆ ತಾನೇ ಕೊರೆಯೋಕಾಗಲ್ಲ. ಮರಕುಟಿಗ ಬಿಟ್ಟುಹೋದದ್ದೋ ಕೊಂಬೆ ಕೊಳೆತು ಆದದ್ದೋ ಬೇಕು, ಅಂದರೆ ಹಳೇ ಮರ ಬೇಕು. ಈಗ ಕೇಳಿ: ತೋಟದ ಅತ್ತಿ ಕಡಿದು ಸಿಲ್ವರ್ ಓಕ್ ನೆಟ್ಟರೆ ಕಾಫಿಗೆ ನೆರಳು ಸಿಕ್ಕಿತು, ಮಂಗಟ್ಟೆಗೆ? ಅತ್ತಿ ಉಳಿಸಿ, ಪೊಟರೆ ಇರೋ ಒಣಮರ ಕಡಿದರೆ? ಊಟ ಬೇರೆ, ಮನೆ ಬೇರೆ ಅನ್ನೋದು ಇಲ್ಲಿ ತಾನಾಗಿ ಬರುತ್ತೆ.

ಅಕ್ಟೋಬರ್ ಕೊನೆ ಒಳ್ಳೇ ಸಮಯ, ಮಳೆ ಕಡಿಮೆಯಾಗಿ ನೆಲ ಇನ್ನೂ ತೇವ ಇರುತ್ತೆ. ಹಿಂದಿನ ದಿನ ತೋಟದ ರೈಟರನ್ನು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಎರಡು ಕೇಳಿ: ಔಷಧಿ ಹೊಡೆದಿದ್ದಾರಾ, ಆನೆ ಇದೆಯಾ. ಆನೆ ಇದೆ ಅಂದರೆ ಆ ದಿನ ಬೇಡವೇ ಬೇಡ, ಕೊಡಗಿನ ಸಿದ್ದಾಪುರ ಕಡೆ ಇದು ತಮಾಷೆಯಲ್ಲ. ಜಿಗಣೆ ಹತ್ತಿದರೆ ಉಗುರಿನಿಂದ ಪಕ್ಕಕ್ಕೆ ಸರಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಹೆಪ್ಪುಗಟ್ಟದಂತೆ ತಡೆಯೋ ಅಂಶ ಅದರ ಎಂಜಲಲ್ಲಿದೆ ಅಂತ ಮೊದಲೇ ಹೇಳಿಡಿ, ಅಳು ಕಡಿಮೆಯಾಗುತ್ತೆ.

ದೇವರಕಾಡಿಗೂ (ದೇವರ ಹೆಸರಲ್ಲಿ ಊರಿನವರು ಕಾಯುವ ಕಾಡು) ಕರ್ಕೊಂಡು ಹೋಗೋದಾದರೆ ಊರಿನ ತಕ್ಕರನ್ನು, ಅಂದರೆ ಊರಿನ ಮುಖ್ಯಸ್ಥರನ್ನು, ಕೇಳಿಯೇ ಹೋಗಿ. ಅಲ್ಲಿ ತರಗೆಲೆ ಎತ್ತೋದೂ ಬೇಡ. ಹಗ್ಗ, ತಟ್ಟೆ ಶಾಲೆಯಲ್ಲೇ ಇರಲಿ.