ತಂಡದವರು ‘ಕೆಲಸ ಆಯಿತು’ ಎಂದರೆ ಖಚಿತಪಡಿಸಿಕೊಳ್ಳುವುದು ಹೇಗೆ?

ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಕೊಳವೆಬಾವಿ ಮೋಟಾರ್ ದುರಸ್ತಿಗೆ ತಂಡಗಳನ್ನು ಕಳುಹಿಸುತ್ತೀರಿ. ಸಂಜೆ ಎಲ್ಲರೂ ‘ಆಯಿತು’ ಎನ್ನುತ್ತಾರೆ, ಮರುದಿನ ರೈತರು ನೀರಿಲ್ಲವೆಂದು ಫೋನ್ ಮಾಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ನಾನೂ ಇದೇ ಕೆಲಸ ನಡೆಸುತ್ತೇನೆ. ಹುಡುಗರು ಸುಳ್ಳು ಹೇಳುತ್ತಾರೆಂದು ದಯವಿಟ್ಟು ತೀರ್ಮಾನಿಸಬೇಡಿ. ಮೋಟಾರ್ ಇಳಿಸಿ ಸ್ಟಾರ್ಟರ್‌ಗೆ ಕೇಬಲ್ ಜೋಡಿಸಿದರೆ ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ರೈತನಿಗೆ ಮುಗಿಯುವುದು ತೊಟ್ಟಿಗೆ ನೀರು ಬಿದ್ದಾಗ.

ನಡುವೆ ಇರುವುದು ಕರೆಂಟ್. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬರುವುದು ಪಾಳಿಯ ಮೇಲೆ, ಕೆಲವೇ ಗಂಟೆ. ರಾತ್ರಿ ಪಾಳಿಯ ಊರಿನಲ್ಲಿ ಹಗಲು ಮೋಟಾರ್ ಇಳಿಸಿದರೆ ಓಡಿಸಿ ನೋಡುವವರು ಯಾರು? ಗಾಡಿ ಹೊರಡುವ ಮೊದಲೇ ರೈತನನ್ನೋ ಲೈನ್‌ಮ್ಯಾನ್‌ನನ್ನೋ ಪಾಳಿ ಕೇಳಿಕೊಂಡು ಊರುಗಳ ಸರದಿ ಹಾಕಿ. ಪುಸ್ತಕದಲ್ಲಿ ‘ಇಳಿಸಿದೆ’, ‘ಓಡಿಸಿದೆ’ ಎಂದು ಎರಡು ಕಾಲಂ ಇರಲಿ. ಎರಡನೆಯದು ತುಂಬದೆ ರೈತನಿಂದ ಬಾಕಿ ಹಣ ಕೇಳಬೇಡಿ.

ಕರೆಂಟ್ ಇಲ್ಲದಿದ್ದರೂ ಒಂದು ಪರೀಕ್ಷೆ ಸಾಧ್ಯ. ಮೋಟಾರ್ ಪೂರ್ತಿ ಇಳಿದ ಮೇಲೆ ಕೇಬಲ್‌ನ ಮೇಲ್ತುದಿಗೆ ಮೆಗ್ಗರ್ (ಇನ್ಸುಲೇಶನ್ ಸರಿಯಿದೆಯೇ ಎಂದು ಅಳೆಯುವ ಮೀಟರ್) ಹಿಡಿದು ನೋಡಲಿ. ಇಳಿಸುವಾಗ ಕೇಬಲ್ ತರಚಿದ್ದರೆ, ಜಾಯಿಂಟ್‌ಗೆ ನೀರು ಹೊಕ್ಕಿದ್ದರೆ ಸಾಮಾನ್ಯವಾಗಿ ಆಗಲೇ ಗೊತ್ತಾಗುತ್ತದೆ. ಪೈಪ್‌ಗಳನ್ನು ಮತ್ತೆ ಮೇಲೆತ್ತುವ ಸಾಧನ ಆ ಹೊತ್ತಿಗೆ ಅಲ್ಲೇ ಇರುತ್ತದೆ.

ಓಡಿಸಿದಾಗ ಮೂರೂ ಫೇಸ್‌ಗಳ ಮೇಲೆ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಇಟ್ಟ ಫೋಟೊ ಬೇಕು. ಆಂಪಿಯರ್ ಹೆಚ್ಚುಕಡಿಮೆ ಸಮವಾಗಿರಬೇಕು, ನೇಮ್‌ಪ್ಲೇಟ್ ಮಿತಿಯನ್ನು ದಾಟಬಾರದು. ನೀರು ಸಣ್ಣಗೆ ಬಂದರೆ ಎರಡು ಫೇಸ್ ವೈರ್‌ಗಳನ್ನು ಅದಲು ಬದಲು ಮಾಡಿ ನೋಡಲಿ, ಮೋಟಾರ್ ಉಲ್ಟಾ ತಿರುಗುತ್ತಿರಬಹುದು. ಮೊದಲ ನೀರು ಕಂಡೊಡನೆ ಹೊರಟುಬಿಡುವುದು ನಮ್ಮ ಬಯಲುಸೀಮೆಗೆ ಸಲ್ಲದು. ಇಳುವರಿ ಕಡಿಮೆಯಾದ ಬಾವಿಯಲ್ಲಿ ನಿಂತ ನೀರು ಖಾಲಿಯಾಗಿ ಮೋಟಾರ್ ಒಣಗಿ ಓಡಿದರೆ ನೀವು ಮಾಡಿಸಿದ ವೈಂಡಿಂಗ್ ಮತ್ತೆ ಸುಡುತ್ತದೆ. ಅರ್ಧ ಗಂಟೆಯಾದರೂ ಪಕ್ಕದಲ್ಲಿ ನಿಂತು ನೋಡಲೇಬೇಕು.

ಆ ಅರ್ಧ ಗಂಟೆಗೂ ಕೂಲಿ ಸಿಗಬೇಕು. ಮುಗಿಸಿದ ಬಾವಿಗಳ ಲೆಕ್ಕದಲ್ಲಿ ಹಣ ಕೊಟ್ಟರೆ ಯಾರೂ ನಿಲ್ಲುವುದಿಲ್ಲ. ದಿನಗೂಲಿ ಕೊಡಿ, ಅದೇ ಬಾವಿಗೆ ಮತ್ತೆ ಹೋಗಬೇಕಾಗಿ ಬರದ ತಂಡಕ್ಕೆ ಮೇಲೆ ಸ್ವಲ್ಪ ಸೇರಿಸಿ.

ಮೊಬೈಲ್ ಆ್ಯಪ್ ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಜಾಗ, ಸಮಯ ಬೀಳುವ ಫೋಟೊ ಉಪಯುಕ್ತವೇ, ಆದರೆ ಅದು ಗಾಡಿ ಹೊಲಕ್ಕೆ ಹೋಗಿತ್ತೆಂಬುದನ್ನಷ್ಟೇ ಹೇಳುತ್ತದೆ. ರೈತನಿಗೆ ನೀವೇ ಫೋನ್ ಮಾಡಿ, ‘ಎಷ್ಟು ಪೈಪ್ ಇಳಿಸಿದರು, ಎಷ್ಟು ಹೊತ್ತು ಓಡಿಸಿದರು’ ಎಂದು ಕೇಳಿ. ತನ್ನ ಬಾವಿಯ ಪೈಪ್‌ಗಳನ್ನು ಅವನು ಎಣಿಸಿಯೇ ಇರುತ್ತಾನೆ.