ಮೊದಲ ಸೀಕ್ರೆಟ್ ಕಾಂಟ್ರಾಕ್ಟ್ ಸಿಕ್ಕಿದೆ: ಮೊದಲು ತಿಜೋರಿ ಕೊಳ್ಳಬೇಕಾ, ಕನ್ಸಲ್ಟಂಟ್ ಇಡಬೇಕಾ?

ಎರಡೂ ಬೇಡ. ಮೊದಲು ಡಿಡಿ 254 ತೆಗೆದು ಮೇಜಿನ ಮೇಲಿಡಿ. ಅಮೆರಿಕದ ರಕ್ಷಣಾ ಇಲಾಖೆ ಗುಪ್ತ ಮಾಹಿತಿಯ ಕಾಂಟ್ರಾಕ್ಟಿನ ಜೊತೆ, ಅದನ್ನು ಹೇಗೆ ಕಾಯಬೇಕು ಎಂದು ಹೇಳಲು ಕೊಡುವ ಆ ಫಾರ್ಮನ್ನು ಅರ್ಧಂಬರ್ಧ ಓದಿ ಕೈ ಸುಟ್ಟುಕೊಂಡವನು ನಾನು.

ನಮ್ಮದೂ ಸಣ್ಣ ಕಂಪನಿ. ನಾನೇ ಎಫ್‌ಎಸ್‌ಒ, ಅಂದರೆ ಭದ್ರತಾ ಅಧಿಕಾರಿ. ಬಿಲ್ಲಿಂಗೂ ನನ್ನ ತಲೆಗೇ. ಫಾರ್ಮಿನ 1ಎಯಲ್ಲಿ 'ಸೀಕ್ರೆಟ್', 1ಬಿಯಲ್ಲಿ 'ನನ್', ಅಂದರೆ ಏನೂ ಇಲ್ಲ. ಕಂಪನಿಗೆ ಕ್ಲಿಯರೆನ್ಸ್ (ಗುಪ್ತ ಕೆಲಸಕ್ಕೆ ಸರ್ಕಾರದ ಅನುಮತಿ) ಬೇಕು, ಆದರೆ ಗುಪ್ತ ಕಾಗದ ನಮ್ಮಲ್ಲಿ ಇಡುವಂತಿಲ್ಲ. 11ಎಗೆ ಟಿಕ್: ನೋಡುವುದೇನಿದ್ದರೂ ಸರ್ಕಾರದ ಜಾಗದಲ್ಲಿ ಅಥವಾ ಇನ್ನೊಬ್ಬ ಕಾಂಟ್ರಾಕ್ಟರನ ಬಳಿ. ಸದ್ಯ, ಬಚಾವಾದೆ ಅಂದುಕೊಂಡೆ.

13ನೇ ಅಂಶದಲ್ಲಿ ಒಂದು ಸಾಲಿತ್ತು: ವರ್ಗೀಕರಣದ ಗೈಡ್ ಪ್ರತ್ಯೇಕವಾಗಿ ಬರುತ್ತದೆ ಅಂತ. ಯಾವ ಮಾಹಿತಿ ಗುಪ್ತ, ಯಾವುದಲ್ಲ ಎಂದು ಬಿಡಿಸಿ ಹೇಳುವುದೇ ಆ ಗೈಡ್. ಅದು ಬರಲಿಲ್ಲ, ನಾನೂ ಕೇಳಲಿಲ್ಲ. ಮರೆತು ಹೀಗಾಯಿತು ಅಂತಲ್ಲ ನೋಡಿ. ನಮ್ಮಲ್ಲಿ ಗುಪ್ತ ಕಾಗದವೇ ಇರಲ್ಲ, ಗೈಡ್ ಕಟ್ಟಿಕೊಂಡು ಏನು ಮಾಡಲಿ ಎಂಬ ಲೆಕ್ಕಾಚಾರ. ಕಾಗದ ಬರದಿದ್ದರೇನು, ಅದನ್ನು ಓದಿದ ತಲೆ ಮರುದಿನ ನಮ್ಮ ಆಫೀಸಿಗೇ ಬರುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ನಮ್ಮ ಇಂಜಿನಿಯರ್ ಸರ್ಕಾರಿ ಲ್ಯಾಬಿನಿಂದ ಬಂದು ಭೇಟಿಯ ವರದಿ ಟೈಪಿಸಿದ. ಒಂದು ಕೋಷ್ಟಕದಲ್ಲಿ ನೆನಪಿನಿಂದ ಒಂದು ಸಂಖ್ಯೆ ಹಾಕಿ ಆರು ಜನಕ್ಕೆ ಮೇಲ್ ಮಾಡಿದ. ಸಂಖ್ಯೆ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಉಪಕರಣದ ಹೆಸರಿತ್ತು, ಎರಡೂ ಸೇರಿದ್ದಕ್ಕೆ ಸೀಕ್ರೆಟ್. ಅವನಿಗೆ ಹೇಗೆ ಗೊತ್ತಾಗಬೇಕು? ಗೈಡ್ ತೋರಿಸಿದವರು ಯಾರು? ಆರೂ ಲ್ಯಾಪ್‌ಟಾಪ್, ಮೇಲ್ ಸರ್ವರ್, ಬ್ಯಾಕಪ್, ಕಾಫಿ ಕುಡಿಯುತ್ತಾ ಮೇಲ್ ತೆರೆದವನ ಫೋನು, ಎಲ್ಲ ಮುಟ್ಟುಗೋಲು. ಕಾಂಟ್ರಾಕ್ಟರುಗಳ ಭದ್ರತೆ ನೋಡಿಕೊಳ್ಳುವ ರಕ್ಷಣಾ ಇಲಾಖೆಯ ಸಂಸ್ಥೆ ಡಿಸಿಎಸ್‌ಎಗೆ ವರದಿ ಬರೆಯುತ್ತಾ ನಾನು, ಕೈಕಟ್ಟಿ ಕೂತು ಉಳಿದವರು, ಮೂರು ವಾರ.

ಕನ್ಸಲ್ಟಂಟ್ ಸಲಹೆ ಕೊಡಲಿ, ಆದರೆ ಅವನನ್ನೇ ಎಫ್‌ಎಸ್‌ಒ ಮಾಡುವ ಯೋಚನೆ ಬಿಡಿ. ಗುಪ್ತ ಕೆಲಸ ಮಾಡುವ ಕಂಪನಿಗಳ ಭದ್ರತಾ ಕೈಪಿಡಿ, 2021ರಿಂದ ನಿಯಮವಾಗಿ ಜಾರಿಯಲ್ಲಿರುವ ನಿಸ್ಪಾಮ್ ಪ್ರಕಾರ ಎಫ್‌ಎಸ್‌ಒ ನಿಮ್ಮ ನೌಕರನೇ ಆಗಿರಬೇಕು, ಅಮೆರಿಕದ ಪ್ರಜೆಯೂ ಆಗಿರಬೇಕು. ತಿಜೋರಿ ಮಾತು 1ಬಿಯಲ್ಲಿ 'ಸೀಕ್ರೆಟ್' ಅಂತಿದ್ದರೆ ಮಾತ್ರ. ಆಗಲೂ ಜಿಎಸ್‌ಎ, ಅಂದರೆ ಅಮೆರಿಕ ಸರ್ಕಾರದ ಖರೀದಿ ಸಂಸ್ಥೆ, ಒಪ್ಪಿದ್ದೇ ಆಗಬೇಕು.

13ನೇ ಅಂಶದಲ್ಲಿ ಹೆಸರಿಸಿದ ಗೈಡ್ ಕೈಗೆ ಬಂದಿಲ್ಲವಾ? ಕಾಂಟ್ರಾಕ್ಟ್ ನೋಡಿಕೊಳ್ಳುವ ಸರ್ಕಾರದ ಕಾಂಟ್ರಾಕ್ಟಿಂಗ್ ಆಫೀಸರ್‌ಗೆ ಇವತ್ತೇ ಬರೆದು ಕೇಳಿ, ಫೋನಲ್ಲಿ ಅಲ್ಲ. ಗೈಡೇ ಗುಪ್ತ, ನಿಮ್ಮಲ್ಲಿ ಇಡಲಾಗದು ಅಂದರೆ, ನಿಮ್ಮ ಹುಡುಗರು ಅಲ್ಲೇ ಹೋಗಿ ಕೂತು ಓದಿಬರಲಿ. ವರದಿ ಬರೆಯುವುದು ಆಮೇಲೆ.