ಮೂರನೆಯ ಸಾಲಿಗೆ ಬೇಕಾದ ಉಸಿರು

ತಂಗೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಬಂದಿಳಿದಿರಿ. ಮೂರು ವರ್ಷದ ಮಗಳು ನರ್ಸರಿಗೆ ಸೇರಿದ ವಾರದಿಂದ ಅವಳ ಮೂಗು ಸೋರುವುದು ನಿಂತಿಲ್ಲ. ಈಗ ಡಿಸೆಂಬರಿನಲ್ಲಿ ಮೂವರಿಗೂ ಒಟ್ಟಿಗೆ ಜ್ವರ, ಕೆಮ್ಮು. ಅತ್ತ ದಾವಣಗೆರೆಯಲ್ಲಿ ಮಾವನವರಿಗೆ ಸಕ್ಕರೆ ಕಾಯಿಲೆ ಏರಿದೆ, ಕಾಲಿನ ಗಾಯ ಮಾಯುತ್ತಿಲ್ಲ. ಫೋನಿನಲ್ಲಿ ಕೇಳಿದರೆ ‘ಆರಾಮವಾಗಿದ್ದೇವೆ, ನೀವು ಹುಷಾರು’ ಎನ್ನುತ್ತಾರೆ. ‘ಹದಿನೆಂಟು ವರ್ಷ ಹೇಗೆ ನಿಭಾಯಿಸಿದಿರಿ ಅಕ್ಕಾ? ನಾವು ಬಂದದ್ದೇ ತಪ್ಪಾಯಿತೆ?’ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಮೊದಲು ಈ ವಾರದ ಮಾತು. ಇನ್ನೂ ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಹತ್ತಿರ ಹೆಸರು ನೋಂದಾಯಿಸಿಲ್ಲ ಎಂದಿದ್ದೀಯ. ನಾಳೆಯೇ ಹೋಗು. ಮನೆಯ ಕರಾರು ಪತ್ರ ಗಂಡನ ಹೆಸರಿನಲ್ಲಿದೆ ಎಂದು ಹಿಂಜರಿಯಬೇಡ, ನೋಂದಣಿಗೆ ವಿಳಾಸದ ದಾಖಲೆ ಕಡ್ಡಾಯವಲ್ಲ. ಮಗುವಿಗೆ ಕಿವಿನೋವು ಬಂದರೆ ನೇರವಾಗಿ ಫಾರ್ಮಸಿಗೆ ಕರೆದುಕೊಂಡು ಹೋಗು. 2024ರ ಜನವರಿ ಕೊನೆಯಿಂದ ಇಂಗ್ಲೆಂಡಿನ ಫಾರ್ಮಸಿಸ್ಟರು ಕಿವಿನೋವು, ಗಂಟಲುನೋವಿನಂಥ ಏಳು ತೊಂದರೆಗಳಿಗೆ ತಾವೇ ಪರೀಕ್ಷಿಸಿ, ಅಗತ್ಯವಿದ್ದರೆ ಆಂಟಿಬಯಾಟಿಕ್ ಕೂಡ ಕೊಡಬಲ್ಲರು. ವಾರವಿಡೀ ಕೆಮ್ಮಿದರೂ ನೀನು ತೋರಿಸಿದ ಕಡೆ ಔಷಧಿ ಬರೆದುಕೊಡಲಿಲ್ಲವೆಂದು ನಿನಗೆ ಬೇಸರವಾಗಿದೆ. ವೈರಸ್ಸಿನ ಕೆಮ್ಮು ತಾನಾಗಿ ಹೋಗಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಅದಕ್ಕೆ ಆಂಟಿಬಯಾಟಿಕ್ ತಾಗುವುದೂ ಇಲ್ಲ. ಅವರು ನಿನ್ನನ್ನು ಕಡೆಗಣಿಸಿದರೆಂದು ತಿಳಿಯಬೇಡ. ಮಗು ನೀರು ಕುಡಿಯದೆ ಮಂಕಾದರೆ, ಮೂತ್ರ ಕಡಿಮೆಯಾದರೆ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುವಂತೆ ಉಸಿರಾಡಿದರೆ, ತುಟಿ ನೀಲಿಯಾದರೆ ತುರ್ತು ಸಂಖ್ಯೆ 999. ಆಗ ಯಾರನ್ನೂ ಕೇಳುತ್ತ ಕೂರಬೇಡ.

ಫ್ಲೂ ಲಸಿಕೆಯ ವಿಷಯಕ್ಕೆ ಬರುತ್ತೇನೆ. ಎರಡು, ಮೂರು ವರ್ಷದ ಮಕ್ಕಳಿಗೆ ಅದನ್ನು ಮೂಗಿಗೆ ಸಿಂಪಡಿಸಿ ಕೊಡುತ್ತಾರೆ. ಆ ಸ್ಪ್ರೇಯಲ್ಲಿ ಹಂದಿಯ ಜೆಲಾಟಿನ್ ಇರುತ್ತದೆ. ನಿಮ್ಮದು ಸಸ್ಯಾಹಾರದ ಮನೆಯಾದ್ದರಿಂದ ಹೇಳುತ್ತಿದ್ದೇನೆ. ಕೇಳಿದರೆ ಅದರ ಬದಲು ಚುಚ್ಚುಮದ್ದು ಸಿಗುತ್ತದೆ. ಕೇಳದೆ ಸುಮ್ಮನೆ ಬಿಟ್ಟುಬಿಡುವ ಕೆಲವು ಮನೆಗಳನ್ನು ನೋಡಿ ನನಗೆ ನೋವಾಗಿದೆ.

ಇನ್ನು ಕ್ರಿಸ್ಮಸ್. ಅಂದು ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳು ತೆರೆಯಬಾರದೆಂದು ಕಾನೂನೇ ಇದೆ. ಜಿಪಿ 25, 26ರಂದು ಮುಚ್ಚಿರುತ್ತದೆ. ಪ್ಯಾರಸಿಟಮಾಲ್ ಸಿರಪ್, ಥರ್ಮಾಮೀಟರ್, ಓಆರ್‌ಎಸ್ ಪುಡಿ, ಗಂಜಿಗೆ ಅಕ್ಕಿ ಇವೆಲ್ಲ 23ರೊಳಗೆ ಮನೆಯಲ್ಲಿರಲಿ. ಇದನ್ನು ನಾನು ಕಲಿತದ್ದು 2016ರಲ್ಲಿ. ನಿನ್ನ ದೊಡ್ಡ ಪ್ರಶ್ನೆಗೆ ನನ್ನ ಉತ್ತರವಿರುವುದೂ ಆ ವರ್ಷದಲ್ಲೇ.

ನಮ್ಮ ಮನೆಯಲ್ಲಿ ಭಾನುವಾರದ ಓದು ಎಂದು ಒಂದಿದೆ. 2011ರಲ್ಲಿ ಮಗಳು ಹುಟ್ಟಿದ ಮೇಲೆ ಅಪ್ಪ ಶುರುಮಾಡಿದ್ದು. ಅವರದು ತೀರ್ಥಹಳ್ಳಿ ಕಡೆಯ ಹಳ್ಳಿ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹುಡುಗನಾಗಿದ್ದಾಗ ಅಲ್ಲಿಯ ವಾಚನಗಳನ್ನು ಕೇಳಿ ಕೇಳಿಯೇ ಅಪ್ಪ ಕುಮಾರವ್ಯಾಸ ಭಾರತವನ್ನು ರಾಗವಾಗಿ ಓದಲು ಕಲಿತವರು. ಇಲ್ಲಿ ಬೆಳಿಗ್ಗೆ ಹತ್ತೂವರೆ, ಅಲ್ಲಿ ಸಂಜೆ ನಾಲ್ಕು. ಅಪ್ಪ ಹತ್ತು ಪದ್ಯ ಓದಿ ಅರ್ಥ ಹೇಳುವರು. ಆಮೇಲೆ ಅಮ್ಮ ವಾರಪತ್ರಿಕೆಯಿಂದ ಒಂದು ಪುಟ, ಕೊನೆಗೆ ನಮ್ಮ ಮಗಳು ತನ್ನ ಕನ್ನಡ ಕಥೆಯ ನಾಲ್ಕು ಸಾಲು. ಒಟ್ಟು ಮುಕ್ಕಾಲು ಗಂಟೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಮುಂದಿಟ್ಟಾಗ ಓದನ್ನು ಹನ್ನೊಂದೂವರೆಗೆ ಸರಿಸುತ್ತಿದ್ದೆವು, ಅಪ್ಪನ ಮಧ್ಯಾಹ್ನದ ನಿದ್ದೆ ಕೆಡಬಾರದೆಂದು.

2016ರ ಕ್ರಿಸ್ಮಸ್ ಬಂದದ್ದು ಭಾನುವಾರ. ಹಾಗಾಗಿ ಮಂಗಳವಾರವೂ ರಜೆ, ಮೂರು ದಿನ ಜಿಪಿ ಇಲ್ಲ. ಶುಕ್ರವಾರ ರಾತ್ರಿ ಮಗಳಿಗೆ ವಾಂತಿ ಶುರುವಾಯಿತು, ಶನಿವಾರ ನನ್ನ ಯಜಮಾನರಿಗೆ, ಭಾನುವಾರ ಬೆಳಗಿನ ಜಾವ ನನಗೆ. ಸಿರಪ್ ಬಾಟಲಿಯ ತಳದಲ್ಲಿ ಒಂದು ಚಮಚವೂ ಉಳಿದಿರಲಿಲ್ಲ. ಎಂಟು ದಾಟಿದರೂ ಕಿಟಕಿಯ ಹೊರಗೆ ಕತ್ತಲೆ. ಹತ್ತೂವರೆಗೆ ಅಪ್ಪನ ಫೋನ್ ಬಂದಾಗ ‘ಇವತ್ತು ಓದು ಬೇಡ ಅಪ್ಪಾ, ಎಲ್ಲರೂ ಮಲಗಿದ್ದೇವೆ’ ಎಂದೆ.

‘ಮಲಗಿಯೇ ಇರಿ. ಫೋನನ್ನು ದಿಂಬಿನ ಮೇಲಿಡು, ನಾನು ಓದುತ್ತೇನೆ’ ಎಂದರು.

ವಿರಾಟಪರ್ವ ನಡೆಯುತ್ತಿತ್ತು, ಉತ್ತರಕುಮಾರ ಹೆಂಗಳೆಯರ ನಡುವೆ ಕೂತು ಕೌರವರನ್ನು ಬಡಿದುಹಾಕುವ ಮಾತಾಡುವ ಭಾಗ. ‘ಉತ್ತರನ ಪೌರುಷ’ ಎಂದು ನಾವು ಆಡುವ ಮಾತಿನ ಮೂಲ ಇದೇ ಎಂದು ಅಪ್ಪ ಮಗಳಿಗೆ ಹೇಳಿದರು. ಎರಡು ದಿನದಿಂದ ಮಾತೇ ಆಡದಿದ್ದ ಮಗು ಒಣಗಿದ ತುಟಿಯಲ್ಲಿ ನಕ್ಕಿತು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಬೇರೆ ದಿನಗಳಲ್ಲಾದರೆ ಕೇಳುತ್ತಲೇ ಪಾತ್ರೆ ತೊಳೆಯುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ. ಅಂದು ಏಳಲು ತ್ರಾಣವಿರಲಿಲ್ಲ, ಕಿವಿಯೊಂದೇ ಕೆಲಸ ಮಾಡುತ್ತಿತ್ತು.

ಕುಮಾರವ್ಯಾಸನ ಛಂದಸ್ಸು ಭಾಮಿನಿ ಷಟ್ಪದಿ, ಅದರ ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಅಂದರೆ ಉಚ್ಚಾರಣೆಯ ಕಾಲದ 14 ಅಳತೆ. ಮೂರನೆಯದು ಮತ್ತು ಆರನೆಯದು ಉದ್ದ, 23 ಮಾತ್ರೆ. ಆ ಉದ್ದದ ಸಾಲನ್ನು ಅಪ್ಪ ಒಂದೇ ಉಸಿರಿನಲ್ಲಿ ಎಳೆದು, ಕೊನೆಯ ಗುರುವಿನ, ಅಂದರೆ ಎಳೆದು ಹೇಳುವ ಅಕ್ಷರದ, ಮೇಲೆ ನಿಂತು, ಆಮೇಲೆ ಉಸಿರು ತೆಗೆದುಕೊಳ್ಳುತ್ತಿದ್ದರು. ಚಿಕ್ಕಂದಿನಿಂದ ಕೇಳಿದ ಓದು ಅದು. ಅಂದು ಅವರು ಮೂರನೆಯ ಸಾಲಿನ ನಡುವೆ ನಿಂತರು. ಗಂಟಲು ಕಟ್ಟಿರಬೇಕು ಎಂದುಕೊಂಡೆ. ಮುಂದಿನ ಪದ್ಯದಲ್ಲೂ ನಿಂತರು. ಅದರ ಮುಂದಿನದರಲ್ಲಿ ಎರಡು ಕಡೆ. ರಾಗದಲ್ಲಿ ಮುಚ್ಚಲು ನೋಡುತ್ತಿದ್ದರು, ಆದರೆ ಉಸಿರು ಎಳೆದುಕೊಳ್ಳುವ ಸದ್ದು ದಿಂಬಿನ ಮೇಲಿನ ಫೋನಿನಿಂದ ನೇರವಾಗಿ ನನ್ನ ಕಿವಿಗೆ ಬೀಳುತ್ತಿತ್ತು.

ಓದು ಮುಗಿದ ಮೇಲೆ ಅಮ್ಮನಿಗೆ ಫೋನ್ ಕೊಡಿಸಿ ಒಳಕೋಣೆಗೆ ಹೋಗಲು ಹೇಳಿದೆ. ‘ಅಪ್ಪ ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ?’ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೀಪಾವಳಿಯಿಂದ ಮೂರು ದಿಂಬು. ಕೆಲವು ರಾತ್ರಿ ಜಗಲಿಯ ಆರಾಮಕುರ್ಚಿಯಲ್ಲೇ ಬೆಳಗು ಮಾಡುತ್ತಾರೆ. ಸಂಜೆ ಚಪ್ಪಲಿ ಕಳಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೆಯೇ ಉಳಿಯುತ್ತದೆ. ‘ನಿಮಗೆ ಅಲ್ಲಿ ರಜೆ, ಮಗುವಿಗೂ ಹುಷಾರಿಲ್ಲ, ಯಾಕೆ ಹೇಳುವುದು ಅಂತ’ ಎಂದಳು.

ಸೋದರಮಾವನ ಮಗ ಮರುದಿನವೇ ಕಾರಿನಲ್ಲಿ ಕರೆದುಕೊಂಡು ಹೋದ. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೂರು ದಿಂಬಿನ ಮಾತನ್ನೂ ಪಾದದ ಗುರುತನ್ನೂ ಹೇಳಿದಿರಾ ಎಂದು ಕೇಳಿದರೆ, ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ಬರೆದುಕೊಂಡು ಎರಡನೆಯ ಕಡೆ ಹೋಗಲು ಹೇಳಿದೆ. ಎಕೋ ಮಾಡಿದಾಗ ಗೊತ್ತಾಯಿತು, ಹೃದಯದ ಪಂಪು ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ನಿಂತಿದೆ. ನೀರು ಇಳಿಸುವ ಮಾತ್ರೆ, ಉಪ್ಪು ಕಡಿಮೆ, ದಿನವೂ ಬೆಳಿಗ್ಗೆ ತೂಕ ನೋಡುವುದು, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕೂಡಲೇ ಬರುವುದು. ಅಪ್ಪ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನಿಂದ ತೂಕ ಬರೆಯತೊಡಗಿದರು, ಏಕಾದಶಿಯ ಪಕ್ಕದಲ್ಲೇ 61.4 ಎಂದು. ಇನ್ನೂ ಐದು ವರ್ಷ ಓದಿದರು. ಉದ್ದದ ಸಾಲನ್ನು ಮುರಿದು ಓದಿದರು, ಆದರೂ ಓದಿದರು.

ಆದ್ದರಿಂದ ನಿನಗೆ ನಾನು ಹೇಳುವುದು ಇಷ್ಟು. ದಾವಣಗೆರೆಯ ಮನೆಯ ಜೊತೆ ವಾರಕ್ಕೊಂದು ಓದನ್ನು ಗೊತ್ತುಮಾಡಿಕೊ. ಕನ್ನಡ ಉಳಿಯಲಿ, ಮಗು ಅಕ್ಷರ ಕಲಿಯಲಿ ಎಂಬುದೆಲ್ಲ ಇದ್ದದ್ದೇ. ಅದಕ್ಕಿಂತ ಮೊದಲಿನ ಕಾರಣ ಇದು: ‘ಹೇಗಿದ್ದೀರಿ’ ಎಂದು ಕೇಳಿದರೆ ನಮ್ಮ ಹಿರಿಯರು ನಿಜ ಹೇಳುವುದಿಲ್ಲ. ಓದಲು ಕೊಟ್ಟರೆ ಉಸಿರು ಹೇಳುತ್ತದೆ, ಕಣ್ಣು ಹೇಳುತ್ತದೆ, ಮರೆವು ಹೇಳುತ್ತದೆ. ಅಮ್ಮ ಒಂದು ಸಾಲು ಬಿಟ್ಟು ಕೆಳಗಿನ ಸಾಲಿಗೆ ಹಾರತೊಡಗಿದಾಗ, ‘ಈಗಿನ ಅಚ್ಚೇ ಸರಿಯಿಲ್ಲ’ ಎಂದು ಪತ್ರಿಕೆಯವರನ್ನು ಬೈದಾಗ, ನಾನು ಕಣ್ಣಿನ ಪರೀಕ್ಷೆ ಮಾಡಿಸಿದೆ. ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು.

ವಿಡಿಯೋ ಬೇಡ, ಧ್ವನಿ ಸಾಕು. ಕ್ಯಾಮೆರಾ ಮುಂದೆ ಅತ್ತೆ ಸೀರೆ ಬದಲಿಸಿ, ಮಾವ ಶಾಲು ಹೊದ್ದು ನಗುತ್ತಾರೆ. ಮಾವನವರು ಏನು ಓದುತ್ತಾರೋ ಅದನ್ನೇ ಓದಲಿ. ವಚನವಾದರೆ ವಚನ, ಬೆಳಗಿನ ದಿನಪತ್ರಿಕೆಯ ಅಡಿಕೆ ಧಾರಣೆಯಾದರೆ ಅದೂ ಆಗುತ್ತದೆ. ಪ್ರತಿ ವಾರ ಒಂದೇ ಹೊತ್ತು, ಒಂದೇ ಬಗೆಯ ಓದು ಇದ್ದರೆ ಮಾತ್ರ ಬದಲಾವಣೆ ಕಿವಿಗೆ ಬೀಳುತ್ತದೆ. ಮಗು ಏನೂ ಓದಬೇಕಾಗಿಲ್ಲ, ತೊಡೆಯ ಮೇಲೆ ಕೂತು ಅಜ್ಜನ ದನಿ ಕೇಳಲಿ.

ಕಾಲಿನ ಗಾಯಕ್ಕೆ ಮಾತ್ರ ಫೋಟೋ ಬೇಕು. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ತೆಗೆಯಲು ಹೇಳು. ಗಾಯ ಹಿಗ್ಗಿದೆಯೋ ಕುಗ್ಗಿದೆಯೋ ತಿಳಿಯುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಮನೆಮದ್ದಿಗೆ ಬಿಡುವ ಹಾಗಿಲ್ಲ. ನೋವೇ ಇಲ್ಲ ಎಂದು ಅವರು ಹೇಳಿದರೆ ಸಮಾಧಾನಪಡಬೇಡ, ನರ ಜಡವಾಗಿ ನೋವು ತಿಳಿಯದಿರುವುದೂ ಉಂಟು. ಈ ಭಾನುವಾರದವರೆಗೂ ಕಾಯದೆ ವೈದ್ಯರಿಗೆ ತೋರಿಸಲಿ. ಹತ್ತಿರದಲ್ಲಿ ಒಬ್ಬರನ್ನು ಗೊತ್ತುಮಾಡಿಕೊ. ನೆಂಟರೇ ಆಗಬೇಕೆಂದಿಲ್ಲ, ಎದುರುಮನೆಯವರಾದರೂ ಸರಿ. ಆಟೋದವರ ಸಂಖ್ಯೆ, ಮಾತ್ರೆಗಳ ಚೀಟಿಯ ಫೋಟೋ, ಆಸ್ಪತ್ರೆ ಮುಂಗಡಕ್ಕೆ ಒಂದಿಷ್ಟು ಹಣ ಅವರ ಬಳಿ ಇರಲಿ. ಹಿರಿಯರಿಗೆಂದೇ 14567 ಎಂಬ ಸಹಾಯವಾಣಿಯೂ ಇದೆ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸು.

ನಿನ್ನ ಗಂಡನಿಗೂ ಒಂದು ಮಾತು. ಕೆಲಸ ಹೊಸದು, ರಜೆ ಕೇಳಲು ಸಂಕೋಚ ಎಂದಿದ್ದಾನೆ. 2024ರ ಏಪ್ರಿಲ್ 6ರಿಂದ ಇಲ್ಲಿ ಆರೈಕೆಯ ರಜೆಗೆ ಕಾನೂನಿದೆ. ದೀರ್ಘಕಾಲದ ಆರೈಕೆ ಬೇಕಾದ ತಂದೆ, ತಾಯಿ, ಮಕ್ಕಳು, ಸಂಗಾತಿಗಾಗಿ ವರ್ಷಕ್ಕೆ ಒಂದು ವಾರ. ಸಂಬಳ ಸಿಗುವುದಿಲ್ಲ, ಆದರೆ ಸೇರಿದ ಮೊದಲ ದಿನದಿಂದಲೇ ಹಕ್ಕು. ತಂದೆ ಅವನವರಾದ್ದರಿಂದ ಅವನೇ ಕೇಳಲಿ. ಇನ್ನು ಅವರನ್ನು ಇಲ್ಲಿಗೇ ಕರೆಸಿ ನೋಡಿಕೊಳ್ಳೋಣ ಎಂಬ ಯೋಚನೆಯನ್ನು ಗಾಯ ಮಾಯುವವರೆಗೆ ಮುಂದೂಡಿ. ಸಂದರ್ಶಕ ವೀಸಾದಲ್ಲಿ ಬಂದವರನ್ನು ಆಸ್ಪತ್ರೆಗೆ ಸೇರಿಸಿದರೆ ಖರ್ಚನ್ನು ನಾವೇ ಕಟ್ಟಬೇಕು, ಅದೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಇರುವ ಕಾಯಿಲೆಯನ್ನು ಬಚ್ಚಿಟ್ಟು ತೆಗೆದುಕೊಂಡ ವಿಮೆ ಕಷ್ಟಕಾಲದಲ್ಲಿ ಕೈಕೊಡುತ್ತದೆ.

ಬಂದದ್ದು ತಪ್ಪೆ ಎಂದು ಕೇಳಿದ್ದೀಯ. ಅಪ್ಪ ತೀರಿಕೊಂಡದ್ದು 2022ರ ಫೆಬ್ರವರಿಯಲ್ಲಿ. ನಾನು ಊರು ಮುಟ್ಟುವಾಗ ಎಲ್ಲ ಮುಗಿದು ಎರಡನೆಯ ದಿನ. ಅಂಗಳದಲ್ಲಿ ನಿಂತು ನಾನೂ ಇದೇ ಪ್ರಶ್ನೆ ಕೇಳಿಕೊಂಡೆ. ಅದಕ್ಕೆ ಉತ್ತರ ಸಿಕ್ಕಿತೆಂದು ನಿನಗೆ ಸುಳ್ಳು ಹೇಳಲಾರೆ. ಒಳಗೆ ಹೋದಾಗ ಕ್ಯಾಲೆಂಡರ್ ಗೋಡೆಯಲ್ಲೇ ಇತ್ತು. ಕೊನೆಯ ಭಾನುವಾರದ ಚೌಕದಲ್ಲಿ ತೂಕ, ಅದರ ಕೆಳಗೆ ಚಿಕ್ಕದಾಗಿ ‘ದ್ರೋಣ, 9 ಪದ್ಯ’. ಹತ್ತರಲ್ಲಿ ಒಂದು ಉಳಿದಿತ್ತು. ಅದನ್ನು ನನ್ನ ಮಗಳು ಆ ವರ್ಷದ ಯುಗಾದಿಯಂದು ಇಲ್ಲಿಂದ ಓದಿದಳು, ಅಮ್ಮ ಅಲ್ಲಿಂದ ತಿದ್ದಿದಳು. ಮಗಳಿಗೀಗ ಹದಿನಾಲ್ಕು, ಮೂರನೆಯ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾಳೆ. ಪೊರೆ ತೆಗೆಸಿಕೊಂಡ ಕಣ್ಣಿನಿಂದ ಅಮ್ಮ ಪುಟ ನೋಡುತ್ತ ‘ಅಲ್ಲಿ ದೀರ್ಘ, ಎಳೆ’ ಎನ್ನುತ್ತಾಳೆ.

ವಾಂತಿಭೇದಿ ಏನಾದರೂ ಇದ್ದರೆ ನಿಂತು 48 ಗಂಟೆ ಆಗುವವರೆಗೆ ಮನೆಯಲ್ಲೇ ಇರಿ. ಬರೀ ಕೆಮ್ಮು, ಜ್ವರವಿಲ್ಲ ಎಂದಾದರೆ ಈ ಭಾನುವಾರ ಮೂವರೂ ನಮ್ಮ ಮನೆಗೆ ಬನ್ನಿ. ಹತ್ತೂವರೆಗೆ ಓದು. ಬಿಸಿ ಗಂಜಿ, ಅಪ್ಪೆಮಿಡಿ, ಮೆಣಸಿನ ಸಾರು ಮಾಡಿರುತ್ತೇನೆ. ಬರಲಾಗದಿದ್ದರೆ ಫೋನ್ ಸಂಖ್ಯೆ ಕಳಿಸು, ಅಮ್ಮನ ಕರೆಗೆ ನಿಮ್ಮನ್ನೂ ಸೇರಿಸುತ್ತೇನೆ. ಮಲಗಿಕೊಂಡೇ ಕೇಳಬಹುದು.